ಸೂಜಿಗೂ ಕಿವಿಗೂ ಏನು ಸಂಬಂಧ?

ಕಿವಿ ಪರೀಕ್ಷೆಯ ಕೋರ್ಸು ಮುಗಿಸಿ ಕೆಲಸಕ್ಕೆ ಸೇರುತ್ತಿರುವ ನಿಮಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಿವಿ ಕೇಳಿಸುವುದಿಲ್ಲ ಎಂದು ಬರುವವರಿಗಿಂತ, ಇಲ್ಲದ ಶಬ್ದ ಕೇಳಿಸುತ್ತಿದೆ ಎಂದು ಬರುವವರು ನಿಮ್ಮನ್ನು ಹೆಚ್ಚು ಕಾಡುತ್ತಾರೆ. ಕಿವುಡುತನವನ್ನು ಅಳೆಯಬಹುದು, ಗ್ರಾಫಿನಲ್ಲಿ ಗೆರೆ ಎಳೆದು ತೋರಿಸಬಹುದು. ಒಬ್ಬರ ಕಿವಿಯೊಳಗೆ ಸದಾ ಕೂಗುವ ಶಿಳ್ಳೆ ಮಾತ್ರ ಪಕ್ಕದಲ್ಲೇ ಕೂತವರಿಗೂ ಕೇಳಿಸುವುದಿಲ್ಲ. ಅದನ್ನು ನಮ್ಮ ಕಡೆಯವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಮುಳಬಾಗಿಲು ಕಡೆಯ ರೈತನೊಬ್ಬನಿಗೆ ಬೋರ್‌ವೆಲ್ ಮೋಟರಿನ ಸದ್ದು, ಮಾಲೂರಿನ ಟೀಚರೊಬ್ಬರಿಗೆ ಕುಕ್ಕರಿನ ಸೀಟಿ, ಶ್ರೀನಿವಾಸಪುರದ ಮಾವಿನ ತೋಟ ಕಾಯುವವನಿಗೆ ಜೀರುಂಡೆ. ಅವರು ಹೇಳುವುದನ್ನು ನಂಬಬೇಕು, ಅಷ್ಟೇ. ಬೇರೆ ಸಾಕ್ಷಿ ಇರುವುದಿಲ್ಲ.

ಕೋಲಾರದ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಮಾಡಿದ ಕೆಲಸ ಇದೇ. ಡಾಕ್ಟರು ಕಳಿಸಿದವರನ್ನು ಪುಟ್ಟ ಗಾಜಿನ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸಣ್ಣದರಿಂದ ದೊಡ್ಡದಕ್ಕೆ ಶಬ್ದ ಕೊಡುತ್ತಾ ಹೋಗುವುದು. ಯಾವಾಗ ಕೇಳಿಸಿತು ಎಂದು ಬರೆದುಕೊಳ್ಳುವುದು. ನೋಡುವವರಿಗೆ ಸುಲಭದ ಕೆಲಸ. ನನ್ನ ಮನೆಯವರೂ ಹಾಗೇ ತಿಳಿದಿದ್ದರು.

ನಾನು ಈ ಕೆಲಸಕ್ಕೆ ಬಂದದ್ದು ನಮ್ಮ ಅಬ್ಬಾ ಅವರಿಂದ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಯಂತ್ರದ ಪಕ್ಕ ಜೀವಮಾನವೆಲ್ಲ ನಿಂತವರು ಅವರು. ಮನೆಯಲ್ಲಿ ಅವರೊಂದಿಗೆ ಕೂಗಿ ಕೂಗಿ ಮಾತಾಡಿ, ಬೀದಿಯಲ್ಲೂ ನಾವು ಕೂಗಿಯೇ ಮಾತಾಡುತ್ತಿದ್ದೆವು. ಯಂತ್ರದ ಸದ್ದು ಮನುಷ್ಯನ ಕಿವಿಯನ್ನು ಹೇಗೆ ತಿನ್ನುತ್ತದೆ ಎಂಬುದು ಪುಸ್ತಕ ಓದುವ ಮೊದಲೇ ನನಗೆ ಗೊತ್ತಿತ್ತು. ಈ ತಿಳಿವಳಿಕೆಯೇ ಮುಂದೆ ನನ್ನ ಕಣ್ಣಿಗೆ ಪಟ್ಟಿ ಕಟ್ಟಿತು. ಅದನ್ನು ಆಮೇಲೆ ಹೇಳುತ್ತೇನೆ.

ಶುರುವಿನ ದಿನಗಳಲ್ಲಿ ಮಾಡಿದ ಪೆದ್ದುತನಗಳಿಗೆ ಲೆಕ್ಕವಿಲ್ಲ. ಒಂದು ಸಲ ಹೆಡ್‌ಫೋನನ್ನು ತಿರುಗುಮುರುಗು ಹಾಕಿ, ಎಡಗಿವಿಯ ಕಿವುಡನ್ನು ಬಲಗಿವಿಯದೆಂದು ಬರೆದೆ. ಇನ್ನೊಮ್ಮೆ ಕೋಲಾರದ ಟೊಮೆಟೊ ಮಾರ್ಕೆಟ್ಟಿನ ವ್ಯಾಪಾರಿಯೊಬ್ಬರು ಬಂದರು. ಶಬ್ದ ಕೇಳಿದ ಕೂಡಲೇ ಕೈ ಎತ್ತಿ ಎಂದೆ. ಎಷ್ಟು ಜೋರು ಮಾಡಿದರೂ ಆ ಮನುಷ್ಯ ಕೈ ಎತ್ತಲಿಲ್ಲ. ಪೂರ್ತಿ ಕಿವುಡು ಎಂದು ಬರೆದು ಕಳಿಸಿದೆ. ನಮ್ಮ ಡಾಕ್ಟರು ಕಾಗದ ನೋಡಿದರು, ಆತನ ಬೆನ್ನ ಹಿಂದೆ ನಿಂತು ಮೆಲ್ಲಗೆ “ಟೀ ಕುಡೀತೀರಾ?” ಅಂದರು. “ಹ್ಞೂಂ, ಸಕ್ಕರೆ ಕಮ್ಮಿ” ಎಂದು ಉತ್ತರ ಬಂತು. ಮತ್ತೆ ಯಾಕೆ ಕೈ ಎತ್ತಲಿಲ್ಲ ಎಂದು ಕೇಳಿದರೆ, “ಕೈ ಎತ್ತಿದ್ರೆ ಮಾಲು ನಮ್ಮ ತಲೆ ಮೇಲೆ ಬೀಳುತ್ತೆ ಅನ್ನೋ ಭಯ ಸಾರ್, ಅಭ್ಯಾಸ ಆಗೋಗಿದೆ” ಅಂದರು. ಹರಾಜಿನ ಕಟ್ಟೆಯಲ್ಲಿ ನಿಂತು ನಿಂತು ಅವರ ಕೈಗೆ ಅಂಥ ಪಾಠವಾಗಿತ್ತು.

ಆ ಡಾಕ್ಟರ ಹೆಸರು ಶ್ರೀಕಂಠಯ್ಯ. ನನಗೆ ಕೆಲಸ ಕಲಿಸಿದವರು. ಒಂದು ದಿನವೂ ಗದರಿದವರಲ್ಲ. ತಪ್ಪಿದ್ದರೆ ಕಾಗದವನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟು ಸುಮ್ಮನಾಗುತ್ತಿದ್ದರು. ಅವತ್ತು ಮಾತ್ರ ಬಾಯಿಬಿಟ್ಟು ಹೇಳಿದರು: “ಶಮೀಮ್, ಕಾಗದ ಆಮೇಲೆ ನೋಡಮ್ಮ. ಮೊದಲು ಎದುರಿಗಿರೋ ಮನುಷ್ಯನ್ನ ನೋಡು.”

ಬಹಳ ವರ್ಷ ನೋಡಿದೆ. ಹಳೆಯ ಯಂತ್ರದಲ್ಲಿ ನೋಡದೆ ವಿಧಿಯೂ ಇರಲಿಲ್ಲ. ಗುಂಡಿ ತಿರುಗಿಸುತ್ತಾ ಗಾಜಿನಾಚೆಗಿನ ಮುಖವನ್ನೇ ದಿಟ್ಟಿಸುತ್ತಿರಬೇಕಿತ್ತು. ಹುಬ್ಬು ಅಲುಗಿದರೆ ಕೇಳಿಸಿತು ಎಂದು ಅರ್ಥ. ಆಮೇಲೆ ಕಂಪ್ಯೂಟರ್ ಯಂತ್ರ ಬಂತು. ರೋಗಿಯ ಕೈಗೆ ಒಂದು ಸ್ವಿಚ್ಚು, ನನ್ನೆದುರಿಗೆ ಒಂದು ಪರದೆ. ಅವರು ಒತ್ತಿದರೆ ಪರದೆಯ ಮೇಲೆ ಗುರುತು ತಾನೇ ಮೂಡುತ್ತದೆ. ಮೇಜನ್ನು ಗೋಡೆಗೆ ಸೇರಿಸಿದ್ದರಿಂದ ಗಾಜಿನ ಕೋಣೆ ನನ್ನ ಬೆನ್ನ ಹಿಂದೆ ಹೋಯಿತು. ನನಗೆ ಆ ಯಂತ್ರದ ಮೇಲೆ ಎಷ್ಟು ಮೋಹವೆಂದರೆ, ಅದರ ಮೇಲಿನ ಧೂಳನ್ನು ನನ್ನ ದುಪಟ್ಟಾದಿಂದಲೇ ಒರೆಸುತ್ತಿದ್ದೆ.

ಮುನಿರಾಜು ಬಂದದ್ದು ಆ ಕಾಲದಲ್ಲಿ.

ಕುರುಡುಮಲೆ ಹತ್ತಿರದ ಒಂದು ಹಳ್ಳಿಯವನು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ನರಸಾಪುರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್‌ನಲ್ಲಿ ಕೆಲಸ. ಶಿಫ್ಟು ಮುಗಿಸಿ, ಕಂಪನಿ ಬಸ್ಸಿನಲ್ಲಿ ಕೋಲಾರಕ್ಕೆ ಬಂದು ಇಳಿದು, ಬೆಳಿಗ್ಗೆ ಹತ್ತಕ್ಕೆ ನಮ್ಮ ಬಾಗಿಲಲ್ಲಿ ನಿಂತಿದ್ದ. ಅವನ ಅಕ್ಕ ನಾಗವೇಣಿ ಊರಿಂದ ಬಂದು ಕಾಯುತ್ತಿದ್ದಳು. ಅವಳು ಅಂಗನವಾಡಿಯಲ್ಲಿ ಸಹಾಯಕಿ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದವಳು ಅವಳೇ. ತಾಲ್ಲೂಕಿನಲ್ಲೇ ಒಳ್ಳೆಯ ಕಬಡ್ಡಿ ಆಟಗಾರ ನನ್ನ ತಮ್ಮ ಎಂದು ನಾನು ಕೇಳದಿದ್ದರೂ ಹೇಳಿದಳು. ಎದುರಾಳಿಯನ್ನು ಕಾಲು ಹಿಡಿದು ಕೆಡವುವುದರಲ್ಲಿ ಅವನನ್ನು ಮೀರಿಸುವವರಿಲ್ಲವಂತೆ.

“ಎಷ್ಟು ದಿನದಿಂದ ಶಬ್ದ?” ಎಂದು ಕೇಳಿದೆ.

“ಯುಗಾದಿ ಆದ್ಮೇಲಿಂದ ಮೇಡಂ. ಮೊದ್ಲು ಬಂದು ಹೋಗ್ತಿತ್ತು. ಈಗ ಬಿಡೋದೇ ಇಲ್ಲ. ಬಲಗಿವೀಲಿ ಜಾಸ್ತಿ.”

“ಹೇಗಿರುತ್ತೆ?”

“ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತಂಗೆ. ಒಂದೊಂದ್ಸಲ ಎದೆ ಹೊಡ್ಕೊಳ್ಳೋ ಸದ್ದೂ ಕಿವೀಲೇ ಕೇಳುತ್ತೆ.”

ಒಳಗೆ ಕೂರಿಸಿ ಪರೀಕ್ಷೆ ಶುರುಮಾಡಿದೆ. ನಾನು ಶಬ್ದ ಕೊಡದಿದ್ದರೂ ಪರದೆಯ ಮೇಲೆ ಗುರುತು ಬೀಳತೊಡಗಿತು. ಎರಡು ಸಲ ನಿಲ್ಲಿಸಿ ಮತ್ತೆ ಮಾಡಿದೆ, ಅದೇ ಕಥೆ. ಹೊರಗೆ ಆರು ಜನ ಕಾಯುತ್ತಿದ್ದರು. ನನಗೆ ರೇಗಿತು. ಬಾಗಿಲು ತೆಗೆದು, “ಶಬ್ದ ಇಲ್ಲದೇ ಇದ್ರೂ ಯಾಕ್ರೀ ಒತ್ತುತೀರಾ?” ಅಂದೆ.

“ಯಾವ್ದು ನಿಮ್ಮ ಶಬ್ದ, ಯಾವ್ದು ನನ್ನ ಶಬ್ದ ಗೊತ್ತಾಗ್ತಿಲ್ಲ ಮೇಡಂ” ಅಂದ.

ಅವನ ಮುಖದಿಂದ ಬೆವರು ಇಳಿಯುತ್ತಿತ್ತು. ಕಾಲು ಒಂದೇ ಸಮನೆ ಅಲುಗುತ್ತಿತ್ತು. ಏನನ್ನೂ ತಿನ್ನದಿದ್ದರೂ ದವಡೆ ಆಡುತ್ತಿತ್ತು. ಕೋಲಾರದ ಆ ಬಿಸಿಲಲ್ಲಿ ತುಂಬು ತೋಳಿನ ಅಂಗಿಗೆ ಮಣಿಕಟ್ಟಿನವರೆಗೆ ಗುಂಡಿ ಹಾಕಿದ್ದ. ಇದನ್ನೆಲ್ಲ ಕಂಡೆ. ಕಂಡದ್ದು ಈಗಲೂ ನೆನಪಿದೆ ಎಂದರೆ ಕಣ್ಣು ತನ್ನ ಕೆಲಸ ಮಾಡಿತ್ತು ಎಂದೇ ಅರ್ಥ. ಶಿಫ್ಟಿನ ಸುಸ್ತು ಎಂದು ನಾನು ತೀರ್ಮಾನಿಸಿಬಿಟ್ಟೆ. ಪ್ರೆಸ್‌ನಲ್ಲಿ ಕೆಲಸ ಎಂದು ಕೇಳಿದ ಕ್ಷಣವೇ ನನ್ನ ತಲೆಯಲ್ಲಿ ಅಬ್ಬಾ ಬಂದು ನಿಂತಿದ್ದರು. ಕಾರಣ ಸಿಕ್ಕಿಯಾಗಿತ್ತು.

ಹೆಡ್‌ಫೋನ್ ತೆಗೆಯುತ್ತಿದ್ದಾಗ ಅವನು ಹೊರಗೆ ಕೂತ ಅಕ್ಕನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಮೇಡಂ, ಒಂದ್ ಮಾತು ಕೇಳ್ಲಾ? ಸೂಜಿ ತಗೊಂಡ್ರೆ ಕಿವಿಗೇನಾದ್ರೂ ಆಗುತ್ತಾ?”

“ಯಾವ ಸೂಜಿ?”

“ಅದೇ... ಶಕ್ತಿಗೆ. ಆಟಕ್ಕೆ ಇಳಿಯೋ ಮುಂಚೆ. ಜಿಮ್ಮಲ್ಲಿ ಒಬ್ಬಣ್ಣ ಕೊಡ್ತಾನೆ.”

ನಾನು ವೈರುಗಳನ್ನು ಸುತ್ತುತ್ತಿದ್ದೆ. ವಿಟಮಿನ್ ಇಂಜೆಕ್ಷನ್ ಇರಬೇಕು ಅಂದುಕೊಂಡೆ. “ಸೂಜಿಗೂ ಕಿವಿಗೂ ಏನ್ರೀ ಸಂಬಂಧ? ಕಿವಿ ಹಾಳಾಗಕ್ಕೆ ನಿಮ್ಮ ಪ್ರೆಸ್ ಮಿಷನ್ ಸದ್ದು ಸಾಲದಾ?” ಅಂದೆ.

ಅವನ ಮುಖ ಹಗುರಾಯಿತು. ನಕ್ಕ. “ಹಂಗಾದ್ರೆ ಸರಿ ಮೇಡಂ” ಎಂದು ಎದ್ದ.

ಹೊರಗೆ ನಾಗವೇಣಿ ಕೈಹಿಡಿದು ಕೇಳಿದಳು: “ವಾಸಿ ಆಗುತ್ತಾ ಮೇಡಂ?”

“ಇದಕ್ಕೆ ಔಷಧಿ ಇಲ್ಲಮ್ಮ. ಕಂಪನೀಲಿ ಕೊಡೋ ಇಯರ್‌ಪ್ಲಗ್ ಹಾಕ್ಕೊಳಕ್ಕೆ ಹೇಳು. ಶಬ್ದ ಇದ್ದೇ ಇರುತ್ತೆ, ಅಭ್ಯಾಸ ಆಗುತ್ತೆ.”

ಅವತ್ತು ಡಾಕ್ಟರು ಶ್ರೀನಿವಾಸಪುರದ ಕ್ಯಾಂಪಿಗೆ ಹೋಗಿದ್ದರು. ಮರುದಿನ ನನ್ನ ಕಾಗದಗಳಿಗೆ ಸಹಿ ಹಾಕುತ್ತಾ ಮುನಿರಾಜುವಿನ ಗ್ರಾಫಿನ ಮೇಲೆ ಪೆನ್ನು ನಿಲ್ಲಿಸಿದರು. “ಬಲಗಿವಿ ಸ್ವಲ್ಪ ಕೆಳಗಿದೆಯಲ್ಲಮ್ಮ? ಕಾರ್ಖಾನೆ ಸದ್ದಾದ್ರೆ ಎರಡೂ ಕಿವಿ ಹೆಚ್ಚುಕಮ್ಮಿ ಸಮ ಇರಬೇಕಿತ್ತು.”

“ಹುಡುಗ ಸರಿಯಾಗಿ ಒತ್ತುತ್ತಿರಲಿಲ್ಲ ಸರ್” ಅಂದೆ. ಅವರು ಸಹಿ ಹಾಕಿದರು. ನನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ.

ಇಲ್ಲಿಯವರೆಗೆ ನಡೆದದ್ದು ಅಜ್ಞಾನ. ಅದಕ್ಕೆ ನಾಚಿಕೆಪಡುತ್ತೇನೆ, ಆದರೆ ಅದನ್ನು ಹೇಳಿಕೊಳ್ಳಬಲ್ಲೆ. ಮುಂದಿನದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿಕೊಂಡಿರಲಿಲ್ಲ.

ಮೂರು ವಾರವಾಗಿರಬಹುದು. ಅಕ್ಕ ತಮ್ಮ ಮತ್ತೆ ಬಂದರು. ಒಂದು ಬೆಳಿಗ್ಗೆ ಅವನು ಎದ್ದಾಗ ಬಲಗಿವಿ ಪೂರ್ತಿ ಮುಚ್ಚಿಹೋಗಿತ್ತಂತೆ. ಶಿಳ್ಳೆ ಮಾತ್ರ ಹತ್ತು ಪಟ್ಟು ಜೋರಾಗಿತ್ತಂತೆ. ಪರೀಕ್ಷೆ ಮಾಡಿದೆ. ಬಲಗಡೆ ಎಷ್ಟು ಜೋರಾಗಿ ಶಬ್ದ ಕೊಟ್ಟರೂ ಪರದೆ ಖಾಲಿ.

“ಎಷ್ಟು ದಿನ ಆಯ್ತು?” ಎಂದು ಡಾಕ್ಟರು ಕೇಳಿದರು.

“ಹನ್ನೊಂದು ದಿನ ಸಾರ್” ಎಂದಳು ನಾಗವೇಣಿ.

ಡಾಕ್ಟರ ಮುಖ ಬಿಗಿಯಿತು. ಹೀಗೆ ಒಮ್ಮೆಲೇ ಕಿವಿ ಹೋದರೆ ದಿನ ದಿನವೂ ಮುಖ್ಯ. ಮೊದಲ ಎರಡು ಮೂರು ದಿನದಲ್ಲೇ ಚಿಕಿತ್ಸೆ ಶುರುವಾದರೆ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. “ಇಷ್ಟು ದಿನ ಏನಮ್ಮಾ ಮಾಡ್ತಿದ್ರಿ?” ಅಂದರು.

ಅವಳು ನನ್ನ ಕಡೆ ತಿರುಗಿದಳು. ದೂರುವ ದನಿಯಲ್ಲ ಅದು, ಮುಗ್ಧವಾಗಿಯೇ ಹೇಳಿದಳು: “ಮೇಡಮ್ನೋರು ಹೇಳಿದ್ರಲ್ಲ ಸಾರ್, ಇದಕ್ಕೆ ಔಷಧಿ ಇಲ್ಲ, ಅಭ್ಯಾಸ ಆಗುತ್ತೆ ಅಂತ. ಅದಕ್ಕೇ ಅಭ್ಯಾಸ ಆಗ್ಲಿ ಅಂತ ಕಾಯ್ತಿದ್ವಿ.”

ಡಾಕ್ಟರು ನನ್ನನ್ನು ನೋಡಲಿಲ್ಲ. ಅವನ ರಕ್ತದೊತ್ತಡ ನೋಡಿದರು, ವಯಸ್ಸಿಗೆ ಮೀರಿ ಹೆಚ್ಚಿತ್ತು. ಮತ್ತೆ ನೋಡಿದರು.

“ಏನಪ್ಪಾ, ಮಾತ್ರೆ, ಇಂಜೆಕ್ಷನ್, ಏನಾದ್ರೂ ತಗೋತಿದೀಯಾ?”

ಮುನಿರಾಜು ತಲೆ ತಗ್ಗಿಸಿದ. “ಚೆಪ್ಪರಾ” ಎಂದು ಅಕ್ಕ ತೆಲುಗಿನಲ್ಲಿ ಅವನ ಭುಜ ಮುಟ್ಟಿದಳು, ಹೇಳೋ ಎಂದು. ಮನೆಯಲ್ಲಿ ಅವರಾಡುವ ಮಾತು ಅದು. ಅವನು ನನ್ನ ಕಡೆ ನೋಡಿದ. ಒಂದು ಕ್ಷಣ, ಅಷ್ಟೇ.

“ಇಲ್ಲ ಸಾರ್” ಅಂದ.

ಡಾಕ್ಟರು ನನ್ನತ್ತ ತಿರುಗಿದರು. “ಹಿಂದಿನ ಸಲ ಬಂದಾಗ ಅಂಥದ್ದೇನಾದ್ರೂ ಹೇಳಿದ್ನಾ ಶಮೀಮ್?”

ಅಭ್ಯಾಸ ಆಗುತ್ತೆ ಎಂಬ ನನ್ನ ಮಾತಿನಿಂದ ಆಗಲೇ ಮುಖ ಸುಡುತ್ತಿತ್ತು. ಇನ್ನೊಂದನ್ನೂ ಒಪ್ಪಿಕೊಂಡರೆ ಅಷ್ಟು ವರ್ಷ ಗಳಿಸಿದ್ದೆಲ್ಲ ಆ ಮೇಜಿನ ಮೇಲೆ ಬಿದ್ದುಹೋಗುತ್ತದೆ ಅನಿಸಿತು. ಮುನಿರಾಜು ಕೂತಿದ್ದ ರೀತಿಯಲ್ಲಿ ಅವನ ಬಲಗಿವಿ ನನ್ನ ಕಡೆಗಿತ್ತು. ನಾನು ಮೆಲ್ಲಗೆ ಹೇಳಿದೆ.

“ಇಲ್ಲ ಸರ್.”

ಡಾಕ್ಟರು ಮಾತ್ರೆ ಬರೆದುಕೊಟ್ಟು, ದೊಡ್ಡ ಆಸ್ಪತ್ರೆಗೆ ಹೋಗಿ ಹೃದಯ, ರಕ್ತ ಪರೀಕ್ಷೆ ಮಾಡಿಸಲು ಚೀಟಿ ಕೊಟ್ಟರು. ಅಕ್ಕ ತಮ್ಮ ಹೋಗಲಿಲ್ಲ. ಕಿವಿಗೆ ಬಂದವರು ಹೃದಯ ಯಾಕೆ ತೋರಿಸಬೇಕು ಎಂದುಕೊಂಡಿರಬೇಕು. ಆ ಸಂಜೆ ಮನೆಯಲ್ಲಿ, ನಾಳೆ ಹೋಗಿ ಸತ್ಯ ಹೇಳಿಬಿಡುತ್ತೇನೆ ಅಂದುಕೊಂಡೆ. ಮರುದಿನ ಡಾಕ್ಟರ ಕೋಣೆಯ ಬಾಗಿಲವರೆಗೆ ಹೋದೆ ಕೂಡ. ಒಳಗೆ ಯಾರೋ ಇದ್ದರು. ಹಿಂದಕ್ಕೆ ಬಂದೆ. ಆಮೇಲೆ ಒಂದೊಂದು ದಿನವೂ ಒಂದೊಂದು ನೆಪ ಸಿಕ್ಕಿತು.

ತಿಂಗಳ ಮೇಲೆ ಸುದ್ದಿ ಬಂತು. ಮುನಿರಾಜುವಿಗೆ ಬಿಡದ ಜ್ವರ, ಎಡತೋಳು ಊದಿಕೊಂಡು ಕೀವು ತುಂಬಿದೆ, ವಾರ್ಡಿನಲ್ಲಿ ಮಲಗಿಸಿದ್ದಾರೆ ಎಂದು. ಅಂಗಿ ತೋಳು ಮಡಚಿದ ನರ್ಸಿಗೆ ಮೊಣಕೈ ಒಳಭಾಗದ ಸೂಜಿಯ ಗುರುತುಗಳು ಕಂಡಿದ್ದವು. ಆಗ ಎಲ್ಲವೂ ಹೊರಬಿತ್ತು. ಅವನು ಚುಚ್ಚಿಕೊಳ್ಳುತ್ತಿದ್ದದ್ದು ಶಸ್ತ್ರಚಿಕಿತ್ಸೆಯ ವೇಳೆ ರೋಗಿಯ ರಕ್ತದೊತ್ತಡ ಕುಸಿದಾಗ ಮೇಲೆತ್ತಲು ಕೊಡುವ ಒಂದು ಮದ್ದು. ಅದನ್ನು ಜಿಮ್ಮಿನ ಆ ಅಣ್ಣ ಎಲ್ಲಿಂದಲೋ ತಂದು ಹಂಚುತ್ತಿದ್ದ. ಪ್ರೆಸ್‌ನಲ್ಲಿ ನಿಂತು ದಣಿದ ಮೈ ಆಟದ ಅಂಗಳದಲ್ಲಿ ಕುದುರೆಯಾಗಲಿ ಎಂದು ಇವನು ಶುರುಮಾಡಿದ್ದ. ಆಮೇಲೆ ಅದಿಲ್ಲದೆ ಶಿಫ್ಟಿಗೆ ಹೋಗಲೂ ಮೈ ಏಳದಂತಾಗಿತ್ತು. ಒಂದೇ ಸೂಜಿಯನ್ನು ಇಬ್ಬರು ಮೂವರು ಹಂಚಿಕೊಂಡದ್ದೂ ಇತ್ತು.

ಡಾಕ್ಟರು ನನ್ನನ್ನು ಕರೆದು ಕೂರಿಸಿ ವಿವರಿಸಿದರು. ಅವರು ಹೇಳಿದ್ದನ್ನು ನನಗೆ ನೆನಪಿರುವಷ್ಟು ನಿಮಗೂ ಹೇಳುತ್ತೇನೆ, ಏಕೆಂದರೆ ನಿಮ್ಮ ಬಳಿಗೂ ಮುನಿರಾಜುಗಳು ಬರುತ್ತಾರೆ.

ಒಳಗಿವಿಗೆ ರಕ್ತ ಹೋಗುವುದು ಕೂದಲೆಳೆಯಂಥ ಒಂದೇ ನಾಳದಿಂದ. ಊರಿಗೆ ಒಂದೇ ರಸ್ತೆ ಇದ್ದಂತೆ, ಅದು ಮುಚ್ಚಿದರೆ ಸುತ್ತುದಾರಿ ಇಲ್ಲ. ಮೈಯನ್ನು ಕೆರಳಿಸುವ ಈ ಮದ್ದುಗಳು ರಕ್ತನಾಳಗಳನ್ನು ಹಿಂಡುತ್ತವೆ. ಸೂಜಿಯಲ್ಲಿ ನೇರ ರಕ್ತಕ್ಕೆ ಹೋದರೆ ಆ ಹಿಂಡುವಿಕೆ ಒಮ್ಮೆಲೇ, ಜೋರಾಗಿ ಆಗುತ್ತದೆ. ಶಬ್ದವನ್ನು ಹಿಡಿಯುವ ಸೂಕ್ಷ್ಮ ಜೀವಕೋಶಗಳು ಒಳಗಿವಿಯಲ್ಲಿ ಸಾಲಾಗಿರುತ್ತವೆ. ರಕ್ತವಿಲ್ಲದೆ ಅವು ಮೊದಲು ತಪ್ಪು ಸಂದೇಶ ಕಳಿಸುತ್ತವೆ, ಆಮೇಲೆ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರಬೇಕಾದ್ದು ಬಾರದಿದ್ದಾಗ ಮಿದುಳು ತನ್ನ ಕಡೆಯಿಂದ ದನಿ ಏರಿಸಿಕೊಳ್ಳುತ್ತದೆ. ಸ್ಟೇಷನ್ ಸಿಗದ ರೇಡಿಯೋದ ವಾಲ್ಯೂಮ್ ಹೆಚ್ಚಿಸಿದಂತೆ, ಆಗ ಕೇಳಿಸುವುದು ಬರೀ ಗುಂಯ್ ಸದ್ದು. ಅದರ ಮೇಲೆ ಏರಿದ ರಕ್ತದೊತ್ತಡ, ಕಿವಿಯ ಪಕ್ಕದ ನಾಳಗಳಲ್ಲಿ ನಾಡಿ ಹೊಡೆದುಕೊಳ್ಳುವ ಸದ್ದು. ನಿದ್ದೆಗೆಟ್ಟು, ಹಲ್ಲು ಕಚ್ಚಿ ಕಚ್ಚಿ ದವಡೆ ಬಿಗಿದರೆ ಶಿಳ್ಳೆ ಇನ್ನೂ ಜೋರು. ಸುಸ್ತೇ ಗೊತ್ತಾಗದ್ದರಿಂದ ಗದ್ದಲದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇರೆ. ಹಂಚಿಕೊಂಡ ಸೂಜಿಯಿಂದ ರಕ್ತಕ್ಕೆ ಸೇರುವ ನಂಜು ಎಲ್ಲಿಗೆ ಬೇಕಾದರೂ ಹೋಗಿ ಕೂರಬಹುದು.

“ಇವನ ಕಿವಿ ಇದರಿಂದಲೇ ಹೋಯ್ತು ಅಂತ ನೂರಕ್ಕೆ ನೂರು ಹೇಳಕ್ಕಾಗಲ್ಲ” ಎಂದರು ಡಾಕ್ಟರು. “ಪ್ರೆಸ್‌ನ ಸದ್ದೂ ಸೇರಿರುತ್ತೆ. ಆದರೆ ಗೊತ್ತಿದ್ದಿದ್ರೆ ಅವತ್ತೇ ಸೂಜಿ ನಿಲ್ಲಿಸಬಹುದಿತ್ತು. ಅವನು ಬಾಯಿ ಬಿಟ್ಟಿದ್ರೆ ತಾನೇ ನಮಗೆ ಗೊತ್ತಾಗೋದು?”

“ಹೌದು ಸರ್” ಎಂದೆ.

ಎರಡನೇ ಸಲ ಸುಳ್ಳಾಡಿದೆ. ಆಗ ಎದುರಿಗೆ ಬೇರೆ ಯಾರೂ ಇರಲಿಲ್ಲ. ಒಂದು ಮಾತು ಸಾಕಿತ್ತು.

ಅವರು ನಿವೃತ್ತರಾಗಿ ಒಂದೆರಡು ವರ್ಷಕ್ಕೆ ತೀರಿಕೊಂಡರು. ಆ ಹುಡುಗ ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ ಎಂದೇ ನಂಬಿಕೊಂಡು ಹೋದರು.

ಮುನಿರಾಜು ಉಳಿದ. ತೋಳಿನ ಗಾಯ ಆರಿತು, ಹೃದಯಕ್ಕೆ ಏನೂ ಆಗಿರಲಿಲ್ಲ. ಸೂಜಿ ಬಿಡಿಸಲು ತಿಂಗಳುಗಟ್ಟಲೆ ಮನೋವೈದ್ಯರ ಬಳಿಗೆ ಓಡಾಡಿಸಿದಳು ನಾಗವೇಣಿ. ಒಮ್ಮೆ ಜಾರಿ ಮತ್ತೆ ಎದ್ದನಂತೆ. ಬಲಗಿವಿ ಬರಲಿಲ್ಲ. ಶಿಳ್ಳೆ ನಿಲ್ಲಲಿಲ್ಲ. ಕಾರ್ಖಾನೆಯ ಕೆಲಸ ಹೋಯಿತು. ಕಬಡ್ಡಿಯೂ ಹೋಯಿತು. ಒಂದೇ ಕಿವಿ ಇದ್ದವರಿಗೆ ಶಬ್ದ ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುವುದಿಲ್ಲ. ಹಿಂದಿನಿಂದ ಜೊತೆಯವರು “ಹಿಡಿ” ಎಂದು ಕೂಗಿದರೆ ಅವನು ಬೇರೆ ಕಡೆಗೆ ತಿರುಗುತ್ತಿದ್ದ. ಎರಡು ಪಂದ್ಯ ಆಡಿ ತಾನೇ ಬಿಟ್ಟುಬಿಟ್ಟ.

ಇದಾದ ಮೇಲೆ ನಾನು ಕೆಲಸದ ರೀತಿ ಬದಲಿಸಿದೆ. ಮೇಜನ್ನು ತಿರುಗಿಸಿ ಗಾಜಿನ ಕಡೆಗೆ ಮುಖ ಮಾಡಿಸಿದೆ. ಕಿವಿಯಲ್ಲಿ ಶಬ್ದ ಎಂದು ಬಂದ ಎಲ್ಲರನ್ನೂ, ಮುದುಕರು ಹೆಂಗಸರು ಎನ್ನದೆ, ಒಬ್ಬರೇ ಇರುವಾಗ ಕೇಳುತ್ತಿದ್ದೆ: “ಸೂಜಿ, ಮಾತ್ರೆ, ಪುಡಿ, ಏನಾದ್ರೂ ತಗೋತಿದ್ರೆ ಹೇಳಿ. ಬಯ್ಯಲ್ಲ. ಕಿವಿಗೋಸ್ಕರ ಕೇಳ್ತಿರೋದು.” ಹೊಸದಾಗಿ ಬಂದ ಡಾಕ್ಟರು, “ಇದೇನ್ರೀ, ನಾವೇನು ಪೊಲೀಸರಾ?” ಎಂದು ನಕ್ಕರು. ಕೆಲವರು ಎದ್ದು ಹೋದರು. ಹಿರಿಯರೊಬ್ಬರು ದೂರು ಬರೆದರು. ಆದರೆ ಮಾಲೂರಿನ ಒಬ್ಬ ವ್ಯಾನ್ ಡ್ರೈವರ್ ಅಂಗಿಯ ತೋಳು ಮೇಲೆತ್ತಿ ತೋರಿಸಿದ. ಅವನ ಕಿವಿ ಉಳಿಯಿತು. ನಾನು ಹೇಳಿಕೊಳ್ಳಬಹುದಾದ ಒಳ್ಳೆಯ ಕೆಲಸ ಅದೊಂದೇ ಇರಬಹುದು. ಅದೂ ಮುನಿರಾಜುವಿನ ಕಿವಿಯ ಬೆಲೆಗೆ ಕಲಿತದ್ದು.

ನಿವೃತ್ತಿಯಾದ ಮೇಲೆ ಒಮ್ಮೆ ಮುಳಬಾಗಿಲು ಬಸ್ ನಿಲ್ದಾಣದಲ್ಲಿ ನಾಗವೇಣಿ ಸಿಕ್ಕಿದಳು. ಕೂದಲು ನೆರೆತಿತ್ತು, ನನಗೆ ಗುರುತು ಸಿಗಲಿಲ್ಲ. ಅವಳೇ ಓಡಿಬಂದು ಕೈ ಹಿಡಿದಳು. ತಮ್ಮ ಈಗ ಊರಿನ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸುತ್ತಾನೆ, ಬಂದು ನೋಡಲೇಬೇಕು ಎಂದು ಹಟ ಹಿಡಿದಳು. ಒಂದು ಶನಿವಾರ ಮಧ್ಯಾಹ್ನ ಹೋದೆ.

ಅವನು ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದ. ದಪ್ಪಗಾಗಿದ್ದ. ಮಾತಾಡುವಾಗ ನನ್ನ ಬಲಕ್ಕೆ ಬಂದು ನಿಂತ, ಎಡಗಿವಿ ನನ್ನ ಕಡೆಗಿರಲಿ ಎಂದು. ಮಕ್ಕಳು ಇನ್ನೂ ಬಟ್ಟೆ ಬದಲಿಸಿ ಬಂದಿರಲಿಲ್ಲ. ಹೇಳುವುದಾದರೆ ಈಗಲೇ ಎಂದುಕೊಂಡೆ.

“ಮುನಿರಾಜು, ನೀನು ಮೊದಲ ದಿನವೇ ನನ್ನ ಕೇಳಿದ್ದೆ. ಆಮೇಲೆ ಡಾಕ್ಟರು ಕೇಳಿದಾಗ ನಾನು ಇಲ್ಲ ಅಂದುಬಿಟ್ಟೆ.”

“ಗೊತ್ತು ಮೇಡಂ” ಅಂದ. “ಒಂದ್ ಕಿವಿ ಚೆನ್ನಾಗೇ ಇತ್ತಲ್ಲ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?”

ಅವನು ಸುಣ್ಣದ ಬಕೆಟ್ ಕೆಳಗಿಟ್ಟ. “ಅಕ್ಕ ಇದ್ಲಲ್ಲ ಪಕ್ಕದಲ್ಲಿ. ಅವಳಿಗೆ ಗೊತ್ತಾಗ್ಬಾರ್ದು ಅಂತಾನೇ ನಾನೂ ಇಲ್ಲ ಅಂದಿದ್ದು. ನೀವು ಹೇಳ್ಬಿಡ್ತೀರೇನೋ ಅಂತ ಎದೆ ಹೊಡ್ಕೋತಿತ್ತು. ನೀವೂ ಇಲ್ಲ ಅಂದ್ರಿ. ಸದ್ಯ, ಬಚಾವಾದೆ ಅಂದ್ಕೊಂಡೆ.” ಬಕೆಟ್ ಮತ್ತೆ ಎತ್ತಿಕೊಂಡು ಹೇಳಿದ: “ಅವತ್ತು ಸಾಯಂಕಾಲಾನೂ ತಗೊಂಡೆ ಮೇಡಂ.”

ಕ್ಷಮಿಸು ಎಂದೆ. “ಬನ್ನಿ, ನಮ್ಮ ಹುಡ್ಗೀರಿಗೆ ಎರಡು ಮಾತು ಹೇಳಿ. ಸೂಜಿ ವಿಷ್ಯ ನಾನು ಹೇಳ್ತಾನೇ ಇರ್ತೀನಿ. ಆಸ್ಪತ್ರೆಯೋರ ಬಾಯಲ್ಲಿ ಕೇಳಿದ್ರೆ ಬೇರೆ” ಎಂದು ಕರೆದುಕೊಂಡು ಹೋದ.

ಹನ್ನೆರಡು ಹುಡುಗಿಯರು ಮೈದಾನದ ಅಂಚಿನಲ್ಲಿ ಕೂತರು. ಒಳಗಿವಿಯ ನಾಳ, ಸಾಯುವ ಜೀವಕೋಶಗಳು, ನಿಲ್ಲದ ಶಿಳ್ಳೆ, ಎಲ್ಲವನ್ನೂ ಡಾಕ್ಟರು ನನಗೆ ಹೇಳಿದ ಹಾಗೆಯೇ ಹೇಳಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಮುನಿರಾಜು ತನ್ನ ಕಥೆಯನ್ನು ಅವರಿಂದ ಮುಚ್ಚಿಟ್ಟಿರಲಿಲ್ಲ. ಮುಂದಿನ ಸಾಲಿನ ಒಬ್ಬಳು, ಎರಡು ಜಡೆ ಮಡಚಿ ಕಟ್ಟಿದವಳು, ಕೈ ಎತ್ತಿದಳು.

“ಮೇಡಂ, ಸರ್ ಮೊದ್ಲೇ ಆಸ್ಪತ್ರೇಲಿ ಸೂಜಿ ವಿಷ್ಯ ಹೇಳ್ಬಿಟ್ಟಿದ್ರೆ ಅವರ ಕಿವಿ ಉಳೀತಿತ್ತಾ?”

ಮುನಿರಾಜು ದೂರದಲ್ಲಿರಲಿಲ್ಲ. ಬಗ್ಗಿ, ಅಳಿಸಿಹೋಗಿದ್ದ ಗೆರೆಯೊಂದನ್ನು ಮತ್ತೆ ಎಳೆಯುತ್ತಿದ್ದ. ಎಡಗಿವಿ ನಮ್ಮ ಕಡೆಗೇ ಇತ್ತು.

“ಉಳೀತಿತ್ತೇನೋಮ್ಮ” ಅಂದೆ. “ಅದಕ್ಕೇ ಡಾಕ್ಟರ ಹತ್ತಿರ ಏನೂ ಮುಚ್ಚಿಡಬಾರದು.”

ಅವನು ತಲೆ ಎತ್ತಲಿಲ್ಲ. ಗೆರೆ ಮುಗಿಸಿ, ಮಕ್ಕಳನ್ನು ಕೈಬೀಸಿ ಆಟಕ್ಕೆ ಕರೆದ. ನಾನು ಸಂಜೆಯ ಬಸ್ಸಿಗೆ ವಾಪಸು ಬಂದೆ.

ಆ ಹುಡುಗಿಗೆ ಕೊಡಬೇಕಿದ್ದ ಉತ್ತರ ಅದಲ್ಲ. ನಿಮ್ಮ ಸರ್ ಹೇಳಿದ್ದರಮ್ಮ. ಮೊದಲ ದಿನವೇ ಹೇಳಿದ್ದರು, ನನಗೇ ಹೇಳಿದ್ದರು.